ಲಿಫ್ಟ್ ಹಾಕಿಸುವವರಿಗೆ: ಇನ್ನು ಬ್ರೇಕ್ ಹೋಸ್ ಕೆಲಸವೂ ಅದರ ಜೊತೆಗೇ

ಸಕಲೇಶಪುರ, ಮೂಡಿಗೆರೆ ಕಡೆಯ ನಮ್ಮ ಜೀಪ್, ಜಿಪ್ಸಿ, ಥಾರ್ ಗ್ರಾಹಕರಿಗೆಲ್ಲ ನಮಸ್ಕಾರ.

ಈ ಮಳೆಗಾಲದಿಂದ ಒಂದು ಬದಲಾವಣೆ ಇದೆ. ಲಿಫ್ಟ್ ಕಿಟ್ (ಗಾಡಿಯನ್ನು ಎತ್ತರಿಸುವ ಸಾಮಾನು) ಹಾಕಿಸಲು ಬಂದರೆ ಉದ್ದದ ಬ್ರೇಕ್ ಹೋಸ್ (ಚಕ್ರದ ಬ್ರೇಕಿಗೆ ಆಯಿಲ್ ಒಯ್ಯುವ ಬಾಗುವ ಕೊಳವೆ) ಹಾಕುವುದು, ಅದನ್ನು ಸರಿಯಾಗಿ ಕ್ಲಿಪ್ ಮಾಡುವುದು ಎಲ್ಲವೂ ಒಂದೇ ಕೆಲಸ, ಒಂದೇ ಬಿಲ್. "ಹೋಸ್ ಆಮೇಲೆ ನೋಡೋಣ, ಸದ್ಯಕ್ಕೆ ಒಂದು ಟೈ ಹಾಕಿ ಕೊಡಿ" ಅಂದರೆ ನಾವು ಗಾಡಿ ತಗೊಳ್ಳುವುದಿಲ್ಲ. ಇದರಿಂದ ಬಿಲ್ ಜಾಸ್ತಿ ಆಗುತ್ತದೆ, ಗಾಡಿ ಒಂದು ರಾತ್ರಿ ಶೆಡ್‌ನಲ್ಲೇ ಇರಬೇಕಾಗುತ್ತದೆ.

ಯಾಕೆ ಅಂದರೆ, ಜಿಪ್ಸಿಯನ್ನೇ ತಗೊಳ್ಳಿ. ಮುಂದೆ, ಹಿಂದೆ ಎರಡೂ ಕಡೆ ಲೀಫ್ ಸ್ಪ್ರಿಂಗ್. 2 ಇಂಚು ಎತ್ತಿದರೆ ಚಾಸಿಗೂ ಆಕ್ಸಲ್‌ಗೂ ಅಷ್ಟೇ ದೂರ ಜಾಸ್ತಿ, ಆದರೆ ಕಂಪನಿ ಹೋಸ್ ಇದ್ದಷ್ಟೇ ಉದ್ದ. ಟಾರ್ ರಸ್ತೆಯಲ್ಲಿ ಏನೂ ಗೊತ್ತಾಗಲ್ಲ. ತೋಟದ ಚರಂಡಿ ದಾಟುವಾಗ ಒಂದು ಚಕ್ರ ನೇತಾಡಿ, ಅದೇ ಹೊತ್ತಿಗೆ ಸ್ಟೀರಿಂಗ್ ಪೂರ್ತಿ ತಿರುಗಿಸಿದ್ದರೆ, ಆ ಹೋಸ್ ಬಟ್ಟೆ ಒಣಗಿಸುವ ತಂತಿಯ ಹಾಗೆ ಬಿಗಿದು ನಿಲ್ಲುತ್ತದೆ.

ಸರಿ, ಉದ್ದದ ಹೋಸ್ ಹಾಕಿದರೆ ಮುಗೀತು ಅಲ್ವಾ? ಇಲ್ಲ. ಚಕ್ರ ಮೇಲೆ ಬಂದಾಗ ಆ ಉಳಿದ ಉದ್ದ ಎಲ್ಲಿಗಾದರೂ ಹೋಗಲೇಬೇಕು. ಟೈರಿನ ಒಳಮೈಗೆ, ಇಲ್ಲವೇ ಸ್ಪ್ರಿಂಗ್‌ಗೆ ತಾಗುತ್ತದೆ. ನಮ್ಮ ಕೆಸರಿನಲ್ಲಿ ಮರಳೂ ಇರುತ್ತದೆ, ಉಜ್ಜಿ ಉಜ್ಜಿ ರಬ್ಬರ್ ಸವೆದು ಒಳಗಿನ ನೂಲು ಕಾಣಲು ಶುರುವಾಗುತ್ತದೆ. ಸ್ಟೀಲ್ ಹೆಣಿಗೆಯ ಹೋಸ್ ಹಾಕಿದರೆ ಚಿಂತೆ ಇಲ್ಲ ಅನ್ನುವವರಿದ್ದಾರೆ. ಮೇಲೆ ಪ್ಲಾಸ್ಟಿಕ್ ಕೋಟಿಂಗ್ ಇಲ್ಲದಿದ್ದರೆ ಅದು ತಾನು ತಾಗಿದ್ದನ್ನೇ ಕೊರೆಯುತ್ತದೆ.

ಇನ್ನು ಕೇಬಲ್ ಟೈ, ಅಂದರೆ ಎಳೆದು ಬಿಗಿಯುವ ಪ್ಲಾಸ್ಟಿಕ್ ಪಟ್ಟಿ. ಬಿಗಿ ಎಳೆದರೆ ಅಂಚು ಹೋಸ್‌ಗೆ ಕಚ್ಚುತ್ತದೆ, ಸಡಿಲ ಬಿಟ್ಟರೆ ಒಳಗೆ ಮರಳು ಸೇರುತ್ತದೆ, ಹೇಗೆ ಬಿಟ್ಟರೂ ಬಿಸಿಗೆ, ಬಿಸಿಲಿಗೆ ಗಟ್ಟಿಯಾಗಿ ಒಂದು ದಿನ ಪಟ್ ಅಂತ ಮುರಿಯುತ್ತದೆ. ಬೈಂಡಿಂಗ್ ವೈರ್ ಸುತ್ತಿದ ಗಾಡಿಗಳೂ ಬರುತ್ತವೆ. ಅದರ ಬಗ್ಗೆ ಏನು ಹೇಳೋದು.

ನಾವು ಇನ್ನು ಮಾಡುವುದು ಹೀಗೆ. ಹೋಸ್ ಹೋಗಿ ಗಟ್ಟಿ ಪೈಪಿಗೆ ಸೇರುವ ಜಾಗವನ್ನು ಬ್ರಾಕೆಟ್‌ನಲ್ಲಿ ಲಾಕ್ ಕ್ಲಿಪ್ ಹಾಕಿ ಕೂರಿಸುತ್ತೇವೆ. ಅಲ್ಲಿ ಅಲ್ಲಾಡಿದರೆ ಹೋಸ್ ಅಲ್ಲ, ಪೈಪೇ ಬಿರುಕು ಬಿಡುತ್ತದೆ. ನಡುವೆ ರಬ್ಬರ್ ಇರುವ ಲೋಹದ ಕ್ಲಿಪ್. ಹೋಸ್ ಮೇಲಿನ ಉದ್ದಗೆರೆ ನೇರ ಇರಬೇಕು, ಸುತ್ತಿಕೊಂಡಿದ್ದರೆ ಹೋಸ್ ತಿರುಚಿದೆ ಅಂತ ಅರ್ಥ, ಬಿಚ್ಚಿ ಮತ್ತೆ ಹಾಕುತ್ತೇವೆ. ತಾಮ್ರದ ವಾಷರ್ ಪ್ರತಿ ಸಲವೂ ಹೊಸದೇ. ಬ್ರೇಕ್ ಆಯಿಲ್ ಕೂಡ ಸೀಲ್ ಒಡೆಯದ ಡಬ್ಬಿಯಿಂದಲೇ, ಯಾಕೆಂದರೆ ತೆರೆದಿಟ್ಟ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ನಮ್ಮೂರಲ್ಲಿ ತೇವಕ್ಕೇನು ಬರ. ಕೊನೆಗೆ ಚಾಸಿ ಎತ್ತಿ ಚಕ್ರ ಪೂರ್ತಿ ಕೆಳಗೆ ಬಿಟ್ಟು ಸ್ಟೀರಿಂಗ್ ಎಡಕ್ಕೂ ಬಲಕ್ಕೂ ತುದಿವರೆಗೆ ತಿರುಗಿಸಿ ನೋಡುತ್ತೇವೆ, ಆಮೇಲೆ ಅದೇ ಚಕ್ರ ಪೂರ್ತಿ ಮೇಲೆ ತಂದು ಇನ್ನೊಮ್ಮೆ. ಎರಡರ ಫೋಟೋವೂ ನಿಮ್ಮ ವಾಟ್ಸಾಪ್‌ಗೆ ಬರುತ್ತದೆ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಥಾರ್‌ಗಳಲ್ಲಿ ಚಕ್ರದ ಸೆನ್ಸರ್ ವೈರನ್ನೂ ಹೀಗೇ ನೋಡಬೇಕು, ಹೋಸ್ ಉದ್ದ ಮಾಡಿ ವೈರ್ ಮರೆತರೆ ಅದು ಮೊದಲು ಕಿತ್ತುಬರುತ್ತದೆ.

ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇವೆ: ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸಬಾರದು ಅನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹಾಗೇ ಇದೆ, ನಮ್ಮ ಕ್ಲಿಪ್ ಹಾಕಿಸಿದ್ದಕ್ಕೆ ಲಿಫ್ಟ್ ಮಾಡಿದ ಗಾಡಿ ಆರ್‌ಟಿಓ ಮುಂದೆ ಸಕ್ರಮ ಆಗುವುದಿಲ್ಲ.

ಈಗಾಗಲೇ ಲಿಫ್ಟ್ ಆಗಿರುವ ಗಾಡಿ, ನಮ್ಮಲ್ಲಿ ಹಾಕಿಸಿರಲಿ, ಬೇರೆ ಕಡೆ ಹಾಕಿಸಿರಲಿ, ಒಮ್ಮೆ ತನ್ನಿ. ನೋಡುವುದಕ್ಕೆ ದುಡ್ಡಿಲ್ಲ. ಹಿಂದಿನ ದಿನ ಫೋನ್ ಮಾಡಿ, ಮತ್ತೆ ದಯವಿಟ್ಟು ಅಡಿ ತೊಳೆಸಿಕೊಂಡು ಬನ್ನಿ. ಕೆಸರು ಮೆತ್ತಿದ್ದರೆ ಹೋಸ್ ಎಲ್ಲಿ ಸವೆದಿದೆ ಅಂತ ಕಾಣುವುದಿಲ್ಲ.

ಇಂತಿ,
ವರ್ಕ್‌ಶಾಪ್ ಬಳಗ, ಸಕಲೇಶಪುರ