ಶುಗರ್ ಮೀಟರ್ ಇದೆ, ಕೀಟೋನ್ ಸ್ಟ್ರಿಪ್ ಯಾಕಿಲ್ಲ?

ಸಂಪಾದಕರಿಗೆ ನಮಸ್ಕಾರ,

ನಮ್ಮನೇಲಿ ಟೈಪ್ 1 ಡಯಾಬಿಟಿಸ್ (ಮೈಯಲ್ಲಿ ಇನ್ಸುಲಿನ್ನೇ ತಯಾರಾಗದ ಥರದ್ದು) ಇರೋ ಮಗ ಇದಾನೆ, ಹಾಗಾಗಿ ಶುಗರ್ ಬಗ್ಗೆ ಪೇಪರಲ್ಲಿ ಏನು ಬಂದ್ರೂ ಬಿಡದೆ ಓದ್ತೀನಿ. ಡಯಟ್ಟು, ವಾಕಿಂಗು, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳೋ ಟೆಸ್ಟ್) ಎಲ್ಲಾ ಬರುತ್ತೆ, ಇನ್ಸುಲಿನ್ ಸಾಲದಾದಾಗ ಮೈಯಲ್ಲಿ ಏರೋ ಆಮ್ಲ, ಕೀಟೋನ್ ಅನ್ನೋ ಪದ ಮಾತ್ರ ಕಣ್ಣಿಗೆ ಬೀಳೋದೇ ಅಪರೂಪ. ಅದಕ್ಕೇ ಬರೀತಿದೀನಿ.

ಹೋದ ವರ್ಷ ಅವನಿಗೆ ಜ್ವರ ಬಂದು ವಾಂತಿ ಶುರುವಾಯ್ತು, ಏನೂ ತಿಂತಿಲ್ವಲ್ಲ ಇನ್ಸುಲಿನ್ ಕೊಟ್ರೆ ಶುಗರ್ ತೀರಾ ಲೋ ಆಗ್ಬಿಡುತ್ತೆ ಅಂತ ಹೆದರಿ ರಾತ್ರಿ ಡೋಸ್ ನಾನೇ ತಪ್ಪಿಸಿದೆ. ಬೆಳಗಾಗೋ ಹೊತ್ತಿಗೆ ಮಲಗಿದ್ದಲ್ಲೇ ಜೋರಾಗಿ ಉಸಿರೆಳೀತಿದ್ದ, ಬಾಯಿಂದ ಹಣ್ಣು ಕಳಿತ ಥರ ವಾಸನೆ. ಯಾವಾಗ್ಲೋ ತಂದಿಟ್ಟಿದ್ದ ಕೀಟೋನ್ ಸ್ಟ್ರಿಪ್ ಡಬ್ಬಿ ಹುಡುಕಿ, ಒಂದು ಸ್ಟ್ರಿಪ್ ಮೂತ್ರದಲ್ಲಿ ಅದ್ದಿ, 15 ಸೆಕೆಂಡ್ ಎಣಿಸಿ ಡಬ್ಬಿ ಮೇಲಿನ ಬಣ್ಣದ ಚಾರ್ಟ್ ಪಕ್ಕ ಹಿಡಿದ್ರೆ ಚಾರ್ಟಿನ ಕೊನೇ ಚೌಕ, ಕಡು ನೇರಳೆ. ಅಲ್ಲಿಂದ ಸೀದಾ ಐಸಿಯು.

ಜ್ವರ ಬಂದಾಗ ಊಟ ಸೇರದಿದ್ರೂ ಇನ್ಸುಲಿನ್ ಸಾಮಾನ್ಯವಾಗಿ ಜಾಸ್ತೀನೇ ಬೇಕಾಗುತ್ತಂತೆ, ಇದು ನನಗೆ ಆಮೇಲೆ ಗೊತ್ತಾಗಿದ್ದು. ಇನ್ಸುಲಿನ್ ಇಲ್ಲ ಅಂದ್ರೆ ರಕ್ತದ ತುಂಬ ಸಕ್ಕರೆ ಇದ್ರೂ ಮೈಗೆ ಅದು ದಕ್ಕಲ್ಲ, ಆಗ ದೇಹ ಕೊಬ್ಬು ಕರಗಿಸೋಕೆ ಶುರು ಮಾಡುತ್ತೆ, ಲಿವರ್ ಆ ಕೊಬ್ಬಿಂದ ಕೀಟೋನ್ ತಯಾರಿಸ್ತಾ ಹೋಗುತ್ತೆ, ಅದು ಆಮ್ಲ, ಮಿತಿ ಮೀರಿದ್ರೆ ರಕ್ತಾನೇ ಹುಳಿಯಾಗುತ್ತೆ. ಡಾಕ್ಟರ್‌ಗಳು ಡಿಕೆಎ (ಡಯಾಬಿಟಿಕ್ ಕೀಟೋಆಸಿಡೋಸಿಸ್) ಅನ್ನೋದು ಇದನ್ನೇ. ಉಪವಾಸ ಇದ್ದಾಗ ಯಾರಿಗಾದ್ರೂ ಸ್ವಲ್ಪ ಕೀಟೋನ್ ಬರುತ್ತೆ, ಅದು ಬೇರೆ, ಅವರ ಇನ್ಸುಲಿನ್ನೇ ಅದನ್ನ ಹದ್ದುಬಸ್ತಲ್ಲಿಡುತ್ತೆ. ನನ್ನ ಮಗನಿಗೆ ಆ ಕಾವಲಿಲ್ಲ.

ಯೂರಿನ್ ಸ್ಟ್ರಿಪ್ ತೋರಿಸೋದು ಕೆಲವು ಗಂಟೆ ಹಿಂದಿನ ಕಥೆ, ರಕ್ತದಲ್ಲಿ ಮುಖ್ಯವಾಗಿ ಏರೋ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಅನ್ನೋ ಕೀಟೋನನ್ನ ಅದು ಹಿಡಿಯೋದೇ ಇಲ್ಲ. ಬೆರಳು ಚುಚ್ಚಿ ರಕ್ತದಲ್ಲೇ ಕೀಟೋನ್ ನೋಡೋ ಮೀಟರ್ ಈ ಕ್ಷಣದ್ದು ಹೇಳುತ್ತೆ, ಕೈಗೆಟುಕಿದ್ರೆ ಅದೇ ಒಳ್ಳೇದು. ಅದರಲ್ಲಿ (mmol/L ಲೆಕ್ಕದಲ್ಲಿ) 0.6ರ ಒಳಗಿದ್ರೆ ಸರಿ, 1.5 ದಾಟಿದ್ರೆ ತಕ್ಷಣ ಡಾಕ್ಟರಿಗೆ ಫೋನ್, 3 ಮುಟ್ಟಿದ್ರೆ ಯೋಚನೆ ಮಾಡ್ತಾ ಕೂರಬೇಡಿ, ಎಮರ್ಜೆನ್ಸಿಗೆ ಹೊರಡಿ. ವಾಂತಿ ನಿಲ್ತಾನೇ ಇಲ್ಲ ಅಥವಾ ಉಸಿರಾಟ ಬದಲಾಗಿದೆ ಅಂದ್ರೆ ನಂಬರ್ ಎಷ್ಟಿದ್ರೂ ಹೊರಡಿ. ಶುಗರ್ 250ರ ಮೇಲೇ ನಿಂತಿದ್ರೆ, ಜ್ವರ ವಾಂತಿ ಇದ್ರೆ, ಡೋಸ್ ತಪ್ಪಿದ್ರೆ, ಇನ್ಸುಲಿನ್ ಪಂಪ್ ಹಾಕ್ಕೊಂಡಿರೋರಿಗೆ ಟ್ಯೂಬ್ ಕಟ್ಟಿಕೊಂಡ ಅನುಮಾನ ಬಂದ್ರೆ ಟೆಸ್ಟ್ ಮಾಡ್ಲೇಬೇಕು. ಕೀಟೋನ್ ಇದ್ದಾಗ ಶುಗರ್ ಇಳಿಸೋಕೆ ಅಂತ ವ್ಯಾಯಾಮ ಮಾಡಿಸೋದು ಇನ್ನೂ ಅಪಾಯ, ದಯವಿಟ್ಟು ಬೇಡ.

ಟೈಪ್ 2 ಇರೋರು ಇದು ನಮಗಲ್ಲ ಅಂದ್ಕೋಬೇಡಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ ಶುಗರ್ ಮಾತ್ರೆ ತಗೊಳೋರಿಗೆ ಶುಗರ್ ಅಷ್ಟೇನೂ ಏರದೇನೇ ಡಿಕೆಎ ಆಗಬಹುದು, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲೇ ಎಚ್ಚರಿಸಿದೆ. ಶುಗರ್ ಮೀಟರಲ್ಲಿ 180 ನೋಡಿ ಯಾರು ತಾನೇ ಗಾಬರಿಯಾಗ್ತಾರೆ ಹೇಳಿ?

ನನ್ನ ಕೋರಿಕೆ ಇಷ್ಟೇ. ಇನ್ಸುಲಿನ್ ಬರೆದುಕೊಡೋ ಡಾಕ್ಟರ್‌ಗಳು ಅದೇ ಚೀಟೀಲಿ ಕೀಟೋನ್ ಸ್ಟ್ರಿಪ್ಪೂ ಬರೀಲಿ, ‘ಹುಷಾರಿಲ್ಲದ ದಿನ ಇನ್ಸುಲಿನ್ ಪೂರ್ತಿ ನಿಲ್ಲಿಸಬಾರದು, ಎಷ್ಟು ಅಂತ ನನ್ನನ್ನ ಕೇಳಿ’ ಅಂತ ಮೊದಲ ದಿನಾನೇ ಬಾಯಿಬಿಟ್ಟು ಹೇಳಲಿ. ನೀವೂ ಡಯಾಬಿಟಿಸ್ ಬಗ್ಗೆ ಬರೆದಾಗ ಇದಕ್ಕೊಂದು ಪ್ಯಾರಾ ಕೊಡಿ. ಮನೇಲಿ ಡಬ್ಬಿ ಇಟ್ಟುಕೊಂಡಿರೋರು ಇವತ್ತೇ ತೆಗೆದು ಡೇಟ್ ನೋಡಿ, ಮುಚ್ಚಳ ಸಡಿಲ ಇದ್ರೆ ತೇವಕ್ಕೆ ಸ್ಟ್ರಿಪ್ ಹಾಳಾಗುತ್ತೆ, ಓಪನ್ ಮಾಡಿದ ಮೇಲೆ ಎಷ್ಟು ತಿಂಗಳು ಅಂತಾನೂ ಅದರ ಮೇಲೇ ಇರುತ್ತೆ. ನಮ್ಮ ಡಬ್ಬಿ ಮುಚ್ಚಳದ ಮೇಲೆ ಓಪನ್ ಮಾಡಿದ ತಾರೀಕನ್ನ ಈಗ ಮಗನೇ ಪೆನ್ನಲ್ಲಿ ಬರೆದಿಡ್ತಾನೆ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು ತಾಯಿ