ಬೆಳವಕ್ಕಿಗೆ ನಮ್ಮಲ್ಲಿ ‘ಸೀಸನ್’ ಇಲ್ಲ

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ ಬಂತೆಂದರೆ ಅಮೆರಿಕದ ಹಕ್ಕಿ ಬೇಟೆಯ ವಿಡಿಯೊಗಳು ನಮ್ಮ ಹುಡುಗರ ಮೊಬೈಲಿಗೂ ಬಂದು ಬೀಳುತ್ತವೆ. ಅಲ್ಲಿನ ಎಷ್ಟೋ ರಾಜ್ಯಗಳಲ್ಲಿ ಆ ತಿಂಗಳ ಮೊದಲ ಶನಿವಾರ, ಭಾನುವಾರ ಹಬ್ಬವಿದ್ದಂತೆ. ಬೆಳಿಗ್ಗೆ ಸೂರ್ಯಕಾಂತಿ ಹೊಲದಂಚಿನಲ್ಲಿ ಬೆಳವಕ್ಕಿ ಬೇಟೆ, ಮಧ್ಯಾಹ್ನದ ಮೇಲೆ ಕಾಲೇಜು ಫುಟ್‌ಬಾಲ್. ಇದನ್ನು ನೋಡಿದವರು ‘ರಾಗಿ ಕೊಯ್ಲಾಯಿತಲ್ಲ, ನಮಗೂ ಸೀಸನ್ ಶುರು’ ಎನ್ನತೊಡಗಿದ್ದಾರೆ. ಮಾಲೂರು, ಮುಳಬಾಗಿಲು, ಚಿಂತಾಮಣಿ ಕಡೆಯ ಹೊಲಗಳ ಬದುಗಳಲ್ಲಿ ಭಾನುವಾರದ ಕ್ರಿಕೆಟ್ ಟೂರ್ನಿ, ಸಂಜೆಯ ಬಾಡೂಟದ ಲೆಕ್ಕದಲ್ಲಿ ಉರುಲು ಬೀಳುವುದು ಇದೇ ಮಾತಿನ ಬಲದ ಮೇಲೆ.

ಆ ವಿಡಿಯೊಗಳು ತೋರಿಸದೇ ಇರುವುದನ್ನು ಹೇಳಬೇಕು. ಅಲ್ಲಿ ಸೆಪ್ಟೆಂಬರ್ 1ಕ್ಕೆ ಮೊದಲು ಬೆಳವಕ್ಕಿಗೆ ಗುರಿಯಿಡುವಂತಿಲ್ಲ. ಪರವಾನಗಿ ಬೇಕು. ಒಬ್ಬರಿಗೆ ದಿನಕ್ಕೆ 15 ಹಕ್ಕಿ, ಅಷ್ಟೇ. ಬಂದೂಕಿನಲ್ಲಿ ಮೂರಕ್ಕಿಂತ ಹೆಚ್ಚು ತೋಟಾ ಹಿಡಿಯದಂತೆ ಬೆಣೆ ಹಾಕಿರಬೇಕು. ಸೂರ್ಯ ಮುಳುಗಿದ ಮೇಲೆ ಬೇಟೆಯಿಲ್ಲ. ಕಾಳು ಚೆಲ್ಲಿ ಹಕ್ಕಿ ಸೇರಿಸಿದರೆ, ಆ ಕಾಳನ್ನೆಲ್ಲ ಎತ್ತಿದ ಮೇಲೂ ಹತ್ತು ದಿನ ಆ ಜಾಗದಲ್ಲಿ ಗುಂಡು ಹಾರಿಸುವಂತಿಲ್ಲ. ಬಲೆ, ಉರುಲು, ಹಕ್ಕಿಯ ಕೂಗನ್ನು ರೆಕಾರ್ಡ್ ಮಾಡಿ ಸ್ಪೀಕರಿನಲ್ಲಿ ಕೂಗಿಸುವುದು ಈ ಮೂರೂ ಅಲ್ಲಿ ನಿಷಿದ್ಧ. ನಮ್ಮ ಹೊಲಗಳಲ್ಲಿ ನಡೆಯುತ್ತಿರುವುದು ಮುಖ್ಯವಾಗಿ ಈ ಮೂರೇ. ಯಾವ ದೇಶವನ್ನು ತೋರಿಸಿ ಸಮರ್ಥಿಸಿಕೊಳ್ಳುತ್ತಾರೋ ಆ ದೇಶದಲ್ಲೂ ಇದು ಕಳ್ಳಬೇಟೆಯೇ.

ನಮ್ಮಲ್ಲಂತೂ ಸೀಸನ್ ಎಂಬುದೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲು ಬೇಟೆ ಪರವಾನಗಿಗೆ ಅವಕಾಶವಿತ್ತು. 1991ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಗೌಜಲಕ್ಕಿ, ಬುರ್ಲಿ (ಕ್ವೇಲ್), ಬೆಳವ, ಕೆರೆಯ ಬಾತು ಯಾವುದನ್ನು ಹಿಡಿದರೂ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ನವಿಲು ಮೊದಲನೇ ಪಟ್ಟಿಯಲ್ಲಿದೆ. ಅದಕ್ಕೆ ಶಿಕ್ಷೆ ಮೂರು ವರ್ಷಕ್ಕಿಂತ ಕಡಿಮೆಯಿಲ್ಲ, ಏಳು ವರ್ಷದವರೆಗೂ ಹೋಗಬಹುದು. ಕೊಲ್ಲುವುದಷ್ಟೇ ಬೇಟೆ ಎಂದುಕೊಳ್ಳಬೇಡಿ. ಉರುಲು ಹಾಕುವುದು, ಅಟ್ಟುವುದು, ಮೇವಿನ ಆಮಿಷ ಒಡ್ಡುವುದು, ಮೊಟ್ಟೆ ಒಡೆಯುವುದು, ಗೂಡು ಕೀಳುವುದು ಎಲ್ಲವನ್ನೂ ಕಾಯ್ದೆ ಬೇಟೆ ಎಂದೇ ಕರೆಯುತ್ತದೆ. ಸಣ್ಣ ಏರ್‌ಗನ್ನಿಗೆ ಲೈಸೆನ್ಸ್ ಬೇಡ, ಆದ್ದರಿಂದ ಹಕ್ಕಿ ಹೊಡೆಯಬಹುದು ಎಂಬ ವಾದವೂ ಸುಳ್ಳು. ಲೈಸೆನ್ಸ್ ವಿನಾಯಿತಿ ಇರುವುದು ಗನ್ನಿಗೆ.

ಋತುವಿನ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ಅಮೆರಿಕದಲ್ಲಿ ಸೆಪ್ಟೆಂಬರಿನ ಹೊತ್ತಿಗೆ ಬಹುಪಾಲು ಮರಿಗಳು ಗೂಡು ಬಿಟ್ಟಿರುತ್ತವೆ. ಬಯಲುಸೀಮೆಯ ಬೆಳವ ಹಾಗಲ್ಲ, ಹೆಚ್ಚುಕಡಿಮೆ ವರ್ಷವಿಡೀ ಗೂಡು ಕಟ್ಟುತ್ತದೆ. ಇಡುವುದು ಎರಡೇ ಮೊಟ್ಟೆ. ಮೊದಲ ಕೆಲವು ದಿನ ಮರಿಗಳಿಗೆ ಕಾಳು ದಕ್ಕುವುದಿಲ್ಲ. ತಂದೆ ತಾಯಿ ಇಬ್ಬರೂ ಗಂಟಲ ಚೀಲದಲ್ಲಿ ಊರುವ ಹಾಲಿನಂಥ ದ್ರವವನ್ನು ಉಣಿಸುತ್ತವೆ. ಆ ದಿನಗಳಲ್ಲಿ ತಂದೆ ತಾಯಿಗಳಲ್ಲಿ ಒಂದು ಸತ್ತರೂ ಮರಿ ಉಳಿಯುವುದು ಕಷ್ಟ. ಹಾಗಾಗಿ ‘ಈ ತಿಂಗಳು ಹೊಡೆದರೆ ಪರವಾಗಿಲ್ಲ’ ಎನ್ನುವ ತಿಂಗಳೇ ನಮ್ಮಲ್ಲಿಲ್ಲ. ಗೌಜಲಕ್ಕಿಯಂತೂ ಹೊಲದಲ್ಲಿ ಗೆದ್ದಲು, ಮಿಡತೆ, ಕಳೆಬೀಜ ಹೆಕ್ಕಿ ತಿನ್ನುವ ಹಕ್ಕಿ. ಕಡಲೆಕಾಯಿ ಬೆಳೆಯುವವರು ಕಾಪಾಡಿಕೊಳ್ಳಬೇಕಾದದ್ದು.

ಹೊಲಕ್ಕೆ ಹೋಗುವ ರೈತರು ಉರುಲು ಹೇಗಿರುತ್ತದೆಂದು ತಿಳಿದಿರುವುದು ಒಳ್ಳೆಯದು. ಬದುವಿನ ಹುಲ್ಲಿನ ನಡುವೆ ಹಕ್ಕಿ ನುಸುಳುವ ಸಂದಿಗಳಿಗೆ ಅಡ್ಡಲಾಗಿ ಒಂದು ದಾರ, ದಾರದುದ್ದಕ್ಕೂ ಸುಮಾರು ಗೇಣಿಗೊಂದು ಗೂಟ, ಗೂಟಕ್ಕೊಂದು ನೈಲಾನ್ ಕುಣಿಕೆ. ಬೆಳಗಿನ ಓರೆ ಬಿಸಿಲಿನಲ್ಲಿ ಮಾತ್ರ ನೈಲಾನ್ ಮಿಂಚಿ ಕಣ್ಣಿಗೆ ಬೀಳುತ್ತದೆ. ಪಕ್ಕದ ಪೊದೆಯಲ್ಲಿ ಬಟ್ಟೆ ಹೊದಿಸಿದ ಪಂಜರ ಇದ್ದರೆ ಅದರಲ್ಲಿ ಸಾಕಿದ ಗಂಡು ಗೌಜಲಕ್ಕಿ ಇರುತ್ತದೆ. ಅದು ಕೂಗಿದರೆ ಆ ಜಾಗದ ಗಂಡು ಕಾಳಗಕ್ಕೆ ಓಡಿಬಂದು ಕುಣಿಕೆಗೆ ಕಾಲು ಕೊಡುತ್ತದೆ. ಈಗೀಗ ಪಂಜರದ ಬದಲು ಬ್ಲೂಟೂತ್ ಸ್ಪೀಕರ್.

ಕಂಡ ಕೂಡಲೇ ಕಿತ್ತೆಸೆಯಬೇಡಿ. ಮೊದಲು ಗೂಟ, ದಾರ, ಸುತ್ತಲಿನ ಜಾಗ ಕಾಣುವಂತೆ, ಮೊಬೈಲಿನಲ್ಲಿ ಲೊಕೇಶನ್ ಆನ್ ಮಾಡಿ ಫೋಟೊ ತೆಗೆಯಿರಿ. ಅರಣ್ಯ ಸಹಾಯವಾಣಿ 1926ಕ್ಕೋ 112ಕ್ಕೋ ಕರೆ ಮಾಡಿ. ಮಹಜರಿಗೆ ಮುಂಚೆ ಎಲ್ಲ ಕಿತ್ತುಹಾಕಿದರೆ ಕೇಸು ನಿಲ್ಲುವುದಿಲ್ಲ.

ಹಕ್ಕಿ ಸಿಕ್ಕಿಕೊಂಡಿದ್ದರೆ ಮಾತ್ರ ಕಾಯುವಂತಿಲ್ಲ. ಇಲ್ಲಿ ಒಳ್ಳೆಯ ಮನಸ್ಸಿನವರೇ ಒಂದು ತಪ್ಪು ಮಾಡುತ್ತಾರೆ. ಗೂಟದ ಬಳಿ ದಾರ ಕತ್ತರಿಸಿ, ಹಕ್ಕಿ ಹಾರಿತಲ್ಲ ಎಂದು ಸಮಾಧಾನಪಡುತ್ತಾರೆ. ಕುಣಿಕೆ ಕಾಲಲ್ಲೇ ಉಳಿಯುತ್ತದೆ. ದಿನ ಕಳೆದಂತೆ ಅದು ಚರ್ಮದೊಳಗೆ ಇಳಿದು, ರಕ್ತ ಓಡದೆ, ಪಾದ ಕಪ್ಪಾಗಿ ಒಣಗಿ ಉದುರುತ್ತದೆ. ಆದ್ದರಿಂದ ಮೊದಲು ಹಕ್ಕಿಯ ತಲೆ ಮುಚ್ಚುವಂತೆ ಟವೆಲ್ ಹಾಕಿ, ಕತ್ತಲಾದರೆ ಒದ್ದಾಟ ತಗ್ಗುತ್ತದೆ. ರೆಕ್ಕೆಗಳನ್ನು ಮೈಗೆ ಸೇರಿಸಿ ಹಿಡಿಯಿರಿ, ಎದೆ ಒತ್ತಬೇಡಿ. ಹಕ್ಕಿಗೆ ನಮ್ಮಂತೆ ವಪೆ (ಎದೆ, ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಇಲ್ಲ. ಎದೆಗೂಡು ಹಿಗ್ಗಿ ಕುಗ್ಗಿದರಷ್ಟೇ ಉಸಿರು, ಬಿಗಿಯಾಗಿ ಹಿಡಿದರೆ ಕೈಯಲ್ಲೇ ಸಾಯುತ್ತದೆ. ಆಮೇಲೆ ಉಗುರು ಕತ್ತರಿಸುವ ಕಟ್ಟರಿನ ತುದಿಯನ್ನು ಕುಣಿಕೆಯ ಗಂಟಿನ ಪಕ್ಕ ತೂರಿಸಿ, ಕಾಲಿನ ಮೇಲಿನ ಸುತ್ತನ್ನೇ ಕತ್ತರಿಸಿ. ಎಳೆಯಬೇಡಿ. ಬಲೆಗೆ ಬಿದ್ದಿದ್ದರೆ ಯಾವ ಕಡೆಯಿಂದ ಹೊಕ್ಕಿತೋ ಅದೇ ಕಡೆಯಿಂದ, ಮೊದಲು ಕಾಲು, ಆಮೇಲೆ ರೆಕ್ಕೆ, ಕೊನೆಗೆ ತಲೆ ಬಿಡಿಸಿ. ಗಾಯವಾದ ಹಕ್ಕಿಯನ್ನು ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿಟ್ಟು ಇಲಾಖೆಗೆ ಒಪ್ಪಿಸಿ, ಬಾಯಿಗೆ ನೀರು ಹೊಯ್ಯಬೇಡಿ. ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ಕಾಡುಹಕ್ಕಿ ಕೈಗೆ ಬಂದರೆ 48 ಗಂಟೆಯೊಳಗೆ ಹತ್ತಿರದ ಠಾಣೆಗೋ ಅಧಿಕಾರಿಗೋ ತಿಳಿಸಬೇಕೆಂದು ಕಾಯ್ದೆಯೇ ಹೇಳುತ್ತದೆ.

ತಿನ್ನುವವರಿಗೂ ಒಂದು ಮಾತು. ಫಾರಂನಲ್ಲಿ ಬೆಳೆಸಿದ ಜಪಾನಿ ಬುರ್ಲಿ ಮಾರಾಟಕ್ಕೆ ಅಡ್ಡಿಯಿಲ್ಲ. ಕಾಡಿನ ಗೌಜಲಕ್ಕಿಯನ್ನೂ ‘ಫಾರಂದು ಸಾರ್’ ಎಂದೇ ಮಾರುತ್ತಾರೆ. ಪುಕ್ಕ ಕಿತ್ತ ಮೇಲೂ ಕಾಲು ಸುಳ್ಳು ಹೇಳುವುದಿಲ್ಲ. ಗೌಜಲಕ್ಕಿಯ ಕಾಲು ಮಾಸಲು ಕೆಂಪು, ಗಂಡಾದರೆ ಕಾಲಿನ ಹಿಂದೆ ಹುಂಜಕ್ಕಿರುವಂತೆ ಚೂಪು ಮುಳ್ಳು. ಬುರ್ಲಿಗೆ ಆ ಮುಳ್ಳಿಲ್ಲ, ಗಾತ್ರವೂ ಚಿಕ್ಕದು. ವಿಷದ ಕಾಳು ಹಾಕಿ ಕೊಂದ ಹಕ್ಕಿಯಾದರೆ ಗುರುತು ಸಿಗುವುದಿಲ್ಲ. ತಿಂದವರ ಮೈಗೂ ಅದೇ ವಿಷ.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಲಕ್ಷ್ಮೀಸಾಗರ, ನರಸಾಪುರದಂಥ ಕೆರೆಗಳಿಗೆ ಬಂದಿದೆ. ಚಳಿಗಾಲದ ವಲಸೆ ಬಾತುಗಳಿಗೆ ನೀರಿನ ನೆಲೆ ಸಿಕ್ಕಿದೆ. ತುಮಕೂರು ಜಿಲ್ಲೆಯ ಕಗ್ಗಲಡುವಿನಲ್ಲಿ ಹುಣಸೆ ಮರದ ಬಣ್ಣದ ಕೊಕ್ಕರೆಗಳನ್ನು ಊರವರೇ ಕಾದುಕೊಂಡು ಬಂದಿದ್ದಾರೆ. ಅಂಥ ಕಾವಲು ಕಟ್ಟಿಕೊಳ್ಳಲು ನಮ್ಮ ಕೆರೆಗಳಿಗೆ ಕಾಲ ಬೇಕು. ಅಲ್ಲಿಯವರೆಗೆ ಅರಣ್ಯ ಇಲಾಖೆ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಶನಿವಾರ ಸಂಜೆ ಮತ್ತು ಭಾನುವಾರ ನಸುಕಿನಲ್ಲಿ ಈ ಕೆರೆಗಳ ಹಿನ್ನೀರಿನ ಕಡೆ ಗಸ್ತು ಹಾಕಲಿ. ಏರಿಯ ಮೇಲಷ್ಟೇ ಜೀಪು ಓಡಿಸಿದರೆ ಬಲೆ ಕಾಣುವುದಿಲ್ಲ. ಗ್ರಾಮ ಪಂಚಾಯಿತಿಗಳು ತೂಬಿನ ಗೋಡೆಯ ಮೇಲೆ 1926 ಎಂದು ದಪ್ಪ ಅಕ್ಷರದಲ್ಲಿ ಬರೆಸಲಿ. ಟೂರ್ನಿ ನಡೆಸುವ ಯುವಕರು ತಮ್ಮ ಬಾಡೂಟದಲ್ಲಿ ಕಾಡುಹಕ್ಕಿ ಇರುವುದಿಲ್ಲವೆಂದು ಪಂದ್ಯದ ಮೈಕಿನಲ್ಲೇ ಘೋಷಿಸಲಿ.

– ಕೆಲವು ಪಕ್ಷಿವೀಕ್ಷಕರು, ಕೋಲಾರ