ಟೇಲರ್ ಹೆಸರು ಹಬ್ಬಿದ್ದು ಗಾಯಕಿಯಿಂದಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಮಕ್ಕಳಿಗೆ ಟೇಲರ್ (ದರ್ಜಿ) ಥರದ ಕಸುಬಿನ ಹೆಸರಿಡುವ ರೂಢಿಯ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ವಿಷಯ ಚೆನ್ನಾಗಿದೆ. ಆದರೆ ಅದರಲ್ಲಿನ ಎರಡು ಮಾತು ಒಪ್ಪೋಕಾಗಲಿಲ್ಲ. ಟೇಲರ್ ಅನ್ನೋ ಹೆಸರು ಅಷ್ಟು ಹಬ್ಬಿದ್ದು ಗಾಯಕಿ ಟೇಲರ್ ಸ್ವಿಫ್ಟ್ ಅವರಿಂದ ಅನ್ನೋದು ಒಂದು. ಅಪ್ಪ ಅಮ್ಮಂದಿರು ದುಡಿಮೆಗೆ ಗೌರವ ಕೊಡಲು ಇಂಥ ಹೆಸರು ಆರಿಸುತ್ತಾರೆ ಅನ್ನೋದು ಇನ್ನೊಂದು. ಮೊದಲನೆಯದು ಇಸವಿ ನೋಡಿದರೆ ಸಾಕು, ಬಿದ್ದುಹೋಗುತ್ತದೆ. ಎರಡನೆಯದು ಕೇಳೋಕೆ ಚಂದ, ಅಷ್ಟೇ.

ಇಸವಿಯನ್ನೇ ಮೊದಲು ನೋಡೋಣ. ಸ್ವಿಫ್ಟ್ ಹುಟ್ಟಿದ್ದು 1989ರ ಡಿಸೆಂಬರ್‌ನಲ್ಲಿ. ಅವರ ಮೊದಲ ಆಲ್ಬಂ ಬಂದಿದ್ದು 2006ರಲ್ಲಿ. ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ಇಲಾಖೆ ಪ್ರತಿವರ್ಷ ಹೊರತರುವ ಮಕ್ಕಳ ಹೆಸರುಗಳ ಪಟ್ಟಿಯಲ್ಲಿ, 1995ರ ಹೆಣ್ಣುಮಕ್ಕಳ ಸಾಲಿನಲ್ಲಿ ಟೇಲರ್ ಆರನೇ ಸ್ಥಾನದಲ್ಲಿತ್ತು. ಜೆಸ್ಸಿಕಾ, ಆಶ್ಲಿ, ಎಮಿಲಿ, ಸಮಂತಾ, ಸಾರಾ, ಆಮೇಲೆ ಟೇಲರ್. ಆಗ ಈ ಗಾಯಕಿಗೆ ಐದೋ ಆರೋ ವರ್ಷ. ಆಕೆ ಹೆಸರು ಮಾಡುವ ಹೊತ್ತಿಗೆ ಟೇಲರ್ ಕೆಳಗಿಳಿಯುತ್ತಿತ್ತು. ಆಕೆ ಜಗತ್ತಿಗೆಲ್ಲ ಗೊತ್ತಾದ ಮೇಲೂ ಆ ಇಳಿತ ನಿಲ್ಲಲಿಲ್ಲ.

ಇದರಲ್ಲಿ ಅಚ್ಚರಿ ಏನೂ ಇಲ್ಲ. ಆಕೆಗೆ ಆ ಹೆಸರು ಬಂದಿದ್ದು ಗಾಯಕ ಜೇಮ್ಸ್ ಟೇಲರ್ ಅವರ ಅಡ್ಡಹೆಸರಿನಿಂದ, ಅಂದರೆ ಮನೆತನದ ಹೆಸರಿನಿಂದ. ಅದು ಆ ಮನೆಯ ಕಾರಣ. ಆದರೆ ಅದೇ ಹೊತ್ತಿಗೆ ಜೇಮ್ಸ್ ಟೇಲರ್ ಹಾಡು ಕೇಳದವರೂ ತಮ್ಮ ಮಕ್ಕಳಿಗೆ ಅದೇ ಹೆಸರಿಡುತ್ತಿದ್ದರು. ಆಕೆಯೂ ಆ ಅಲೆಯಲ್ಲಿ ಬಂದ ಒಂದು ಮಗು. ನಟ ಟೇಲರ್ ಲಾಟ್ನರ್ ಹುಟ್ಟಿದ್ದು 1992ರಲ್ಲಿ, ಅವರದ್ದೂ ಅದೇ ಕತೆ. ಇಂಥ ಮಕ್ಕಳು ದೊಡ್ಡವರಾಗಿ ತೆರೆ ಮೇಲೆ, ವೇದಿಕೆ ಮೇಲೆ ಕಾಣಿಸಿಕೊಳ್ಳೋಕೆ ಹದಿನೈದು ಇಪ್ಪತ್ತು ವರ್ಷ ಬೇಕು, ಅಷ್ಟರಲ್ಲಿ ಹೆಸರು ಹಳೆಯದಾಗಿರುತ್ತದೆ, ಹೊಸದಾಗಿ ಅಪ್ಪ ಅಮ್ಮ ಆಗುವವರಿಗೆ ಅದು ಮಗುವಿನ ಹೆಸರು ಅನ್ನಿಸೋದೇ ಇಲ್ಲ, ಜೊತೆಗೆ ಓದಿದವರ ಹೆಸರು ಅನ್ನಿಸುತ್ತದೆ. ತಾರೆಯ ಹೆಸರು ಅಂದ ಮೇಲೆ ಮಕ್ಕಳಿಗೆಲ್ಲ ಅದೇ ಅಂದುಕೊಳ್ಳುವವರು ಈ ಲೆಕ್ಕ ಹಾಕೋದಿಲ್ಲ.

ಹಾಗಾದರೆ 1990ರ ದಶಕದಲ್ಲಿ ಟೇಲರ್ ಅಷ್ಟು ಏರಿದ್ದು ಯಾಕೆ? ಟಿವಿ ಧಾರಾವಾಹಿ ಕಾರಣ ಅಂತ ಹೇಳುವವರಿದ್ದಾರೆ. 'ದಿ ಬೋಲ್ಡ್ ಅಂಡ್ ದಿ ಬ್ಯೂಟಿಫುಲ್'ನಲ್ಲಿ ಟೇಲರ್ ಅನ್ನೋ ಡಾಕ್ಟರ್ ಪಾತ್ರ 1990ರಲ್ಲಿ ಶುರುವಾಯಿತು. (ಆ ಪಾತ್ರ ಮಾಡಿದ ನಟಿಯ ಹೆಸರು ಹಂಟರ್, ಅದೂ ಕಸುಬಿನದ್ದೇ. ತಮಾಷೆ ಅಲ್ವಾ?) ಧಾರಾವಾಹಿ ಒಂದಿಷ್ಟು ತಳ್ಳಿರಬಹುದು. ಆದರೆ ಹೆಸರು ಅದಕ್ಕೂ ಮೊದಲೇ, ಎಂಬತ್ತರ ದಶಕದಲ್ಲೇ, ಏರತೊಡಗಿತ್ತು. ನನಗೆ ಹೆಚ್ಚು ನಂಬಿಕೆ ಇರುವುದು ಸದ್ದಿನ ಮೇಲೆ. ಅದೇ ತೊಂಬತ್ತರ ದಶಕದಲ್ಲಿ ಗಂಡುಮಕ್ಕಳ ಮೊದಲ ಹತ್ತು ಹೆಸರುಗಳಲ್ಲಿ ಟೈಲರ್ ಇತ್ತು. ಇಲ್ಲಿ ಗೊಂದಲ ಬೇಡ, ನಾವು ಬಟ್ಟೆ ಹೊಲಿಯುವವರನ್ನು ಟೈಲರ್ ಅನ್ನುತ್ತೇವೆ, ಆದರೆ ಆ ಹೆಸರಿನ ಟೈಲರ್ ಮನೆಗೆ ಹೆಂಚು ಹೊದಿಸುವವನು, ಹೊಲಿಯುವವನು ಟೇಲರ್. ಎರಡು ಸದ್ದೂ ಒಂದೇ ಅಚ್ಚಿನವು. ಕೊನೆಯಲ್ಲಿ 'ರ್' ಬರುವ ಚಿಕ್ಕ ಹೆಸರುಗಳು ಕಿವಿಗೆ ಹಿಡಿಸಿದವು, ಒಂದು ಏರಿದರೆ ಪಕ್ಕದ್ದೂ ಏರಿತು. ಮುಂದಿನ ದಶಕಗಳಲ್ಲಿ ಕಾರ್ಟರ್, ಪಾರ್ಕರ್, ಹಾರ್ಪರ್, ಕೂಪರ್ ಎಲ್ಲ ಅದೇ ದಾರಿಯಲ್ಲಿ ಬಂದವು. ಕಾರ್ಟರ್ ಅಂತೂ ಒಬ್ಬ ಅಧ್ಯಕ್ಷರ ಅಡ್ಡಹೆಸರು. ಜಿಮ್ಮಿ ಕಾರ್ಟರ್ 1977ರಿಂದ 1981ರವರೆಗೆ ಶ್ವೇತಭವನದಲ್ಲಿದ್ದರು. ಆಗ ಯಾರೂ ಸಾಲುಗಟ್ಟಿ ಮಕ್ಕಳಿಗೆ ಕಾರ್ಟರ್ ಅಂತ ಇಡಲಿಲ್ಲ. ಅದು ಏರಿದ್ದು ಅವರು ಅಧಿಕಾರ ಬಿಟ್ಟು ಎಷ್ಟೋ ವರ್ಷ ಆದಮೇಲೆ.

ಇನ್ನು ದುಡಿಮೆಗೆ ಗೌರವದ ಮಾತು. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1066ರಲ್ಲಿ ಫ್ರಾನ್ಸಿನ ಕಡೆಯ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಅಲ್ಲಿ ಫ್ರೆಂಚ್ ಮಾತಿನ ಪ್ರಭಾವ ಜಾಸ್ತಿಯಾಯಿತು. ಬಟ್ಟೆ ಕತ್ತರಿಸಿ ಹೊಲಿಯುವವನಿಗೆ ಬಂದ ಹೆಸರೂ ಫ್ರೆಂಚ್ ಮೂಲದ್ದು, 'ಕತ್ತರಿಸುವವನು' ಅಂತ ಅದರ ಅರ್ಥ. ಊರಲ್ಲಿ ನಾಲ್ಕು ಮಂದಿ ಜಾನ್ ಇದ್ದರೆ ಯಾವ ಜಾನ್ ಅಂತ ಹೇಳಬೇಕಲ್ಲ, ತೆರಿಗೆ ಬರೆದುಕೊಳ್ಳುವ ಗುಮಾಸ್ತನಿಗೂ ಅದು ಬೇಕು, ಹಾಗಾಗಿ ಒಬ್ಬ ಹೊಲಿಯುವ ಜಾನ್, ಒಬ್ಬ ಗಾಡಿ ಹೊಡೆಯುವ ಜಾನ್, ಒಬ್ಬ ಪೀಪಾಯಿ ಮಾಡುವ ಜಾನ್ ಆದರು. ಲಂಡನ್ನಿನ ದರ್ಜಿಗಳ ಸಂಘಕ್ಕೆ 1327ರಲ್ಲೇ ರಾಜನ ಸನ್ನದು ಸಿಕ್ಕಿತ್ತು. ಅದೇ ಮರ್ಚೆಂಟ್ ಟೇಲರ್ಸ್ ಕಂಪನಿ, ಈಗಲೂ ಇದೆ. ಸುಮಾರು 1400ರ ಹೊತ್ತಿಗೆ ಇಂಗ್ಲೆಂಡಿನ ಹೆಚ್ಚಿನ ಕಡೆ ಈ ಹೆಸರುಗಳು ಅಪ್ಪನಿಂದ ಮಗನಿಗೆ ಹೋಗತೊಡಗಿದ್ದವು. ಅಂದರೆ ಮೊಮ್ಮಗ ಹಿಟ್ಟಿನ ಗಿರಣಿ ನಡೆಸಿದರೂ ಟೇಲರೇ. ಕಸುಬಿಗೂ ಹೆಸರಿಗೂ ನಂಟು ಕಡಿದು ಆರು ನೂರು ವರ್ಷದ ಮೇಲಾಯಿತು.

ಅಡ್ಡಹೆಸರನ್ನು ಮಗುವಿನ ಮೊದಲ ಹೆಸರು ಮಾಡಿದವರೂ ದುಡಿಯುವ ಮಂದಿ ಅಲ್ಲ. ಹದಿನಾರನೇ ಶತಮಾನದಿಂದ ಇಂಗ್ಲೆಂಡಿನ ಜಮೀನುದಾರ ಮನೆಗಳಲ್ಲಿ ತಾಯಿಯ ತವರಿನ ಅಡ್ಡಹೆಸರನ್ನು ಮಗನಿಗೆ ಹೆಸರಾಗಿ ಇಡುವ ರೂಢಿ ಬೆಳೆಯಿತು. ಆ ಮನೆಯ ಆಸ್ತಿ, ಆ ಮನೆಯ ನಂಟು ಮರೆಯಬಾರದು ಅಂತ. 1605ರಲ್ಲೇ ವಿಲಿಯಂ ಕ್ಯಾಮ್ಡನ್ ಅನ್ನೋ ಇತಿಹಾಸಕಾರರು ಈ ರೂಢಿಯನ್ನು ಗುರುತಿಸಿ ಬರೆದಿದ್ದಾರೆ. ಅಮೆರಿಕದ ದಕ್ಷಿಣದ ರಾಜ್ಯಗಳ ಸಿರಿವಂತ ಕುಟುಂಬಗಳು ಇದನ್ನು ಚೆನ್ನಾಗಿ ಉಳಿಸಿಕೊಂಡವು. ಹಾಗಾಗಿ ಇಂಥ ಹೆಸರುಗಳಿಗೆ ಮೊದಲಿಂದಲೂ ಅಂಟಿಕೊಂಡಿದ್ದು ದೊಡ್ಡಮನೆಯ ವಾಸನೆ. ಬೆವರಿನದ್ದಲ್ಲ.

ದುಡಿಮೆಯ ಗೌರವವೇ ಕಾರಣ ಆಗಿದ್ದರೆ ಸ್ಮಿತ್ ಎಲ್ಲಕ್ಕಿಂತ ಮುಂದೆ ಇರಬೇಕಿತ್ತು. ಕಮ್ಮಾರ. ಇಂಗ್ಲೆಂಡ್, ಅಮೆರಿಕ ಎರಡರಲ್ಲೂ ಅತಿ ಹೆಚ್ಚು ಜನರಿಗಿರುವ ಅಡ್ಡಹೆಸರು ಅದು. ಮಗುವಿಗೆ ಸ್ಮಿತ್ ಅಂತ ಇಡುವವರು ತೀರಾ ಕಡಿಮೆ. ಮಾಂಸ ಮಾರುವವನ ಬುಚರ್ ಕೂಡ ಒಳ್ಳೆ ಹಳೇ ಅಡ್ಡಹೆಸರೇ, ಅದನ್ನೂ ಯಾರೂ ಮುಟ್ಟೋದಿಲ್ಲ. ಪೀಪಾಯಿ, ಬಾಣ, ಮೇಣದಬತ್ತಿ ಮಾಡುವವರ ಹೆಸರುಗಳು ಸಲೀಸಾಗಿ ನಡೆಯುತ್ತವೆ, ಯಾಕೆಂದರೆ ಕೂಪರ್, ಫ್ಲೆಚರ್, ಚಾಂಡ್ಲರ್ ಅಂದಾಗ ಕೆಲಸ ಯಾರ ಕಣ್ಣ ಮುಂದೆಯೂ ಬರೋದಿಲ್ಲ. ಟೇಲರ್‌ಗೆ ಇಲ್ಲಿ ಒಂದು ಅನುಕೂಲವೂ ಇದೆ. ಇಂಗ್ಲಿಷಿನಲ್ಲಿ ಕಸುಬಿನ ಪದಕ್ಕೂ ಅಡ್ಡಹೆಸರಿಗೂ ಉಚ್ಚಾರ ಒಂದೇ ಆದರೂ ಒಂದು ಅಕ್ಷರ ಬೇರೆ. ಬರೆದಾಗ ಸೂಜಿ ದಾರ ಕಾಣಿಸೋದಿಲ್ಲ.

ಹೀಗೆ ಹೇಳಿದರೆ ಮೇಸನ್ ಏನು ಅಂತ ನೀವು ಕೇಳಬಹುದು. ನಿಜ, ಕಲ್ಲು ಕೆಲಸದವನ ಹೆಸರು ಅದು, ಅರ್ಥವೂ ಎಲ್ಲರಿಗೂ ಗೊತ್ತು, ಆದರೂ ಏರಿತು. ಮತ್ತೆ ಇಲ್ಲಿ ತಾರೆಯರ ಕೈವಾಡವನ್ನೂ ಒಪ್ಪಲೇಬೇಕು. ಟಿವಿ ತಾರೆ ಕೋರ್ಟ್ನಿ ಕಾರ್ಡಾಶಿಯನ್ ಮಗನಿಗೆ ಮೇಸನ್ ಅಂತ ಇಟ್ಟಿದ್ದು 2009ರ ಡಿಸೆಂಬರ್‌ನಲ್ಲಿ. ಆ ವರ್ಷ 34ನೇ ಸ್ಥಾನದಲ್ಲಿದ್ದ ಹೆಸರು 2010ರಲ್ಲಿ 12ಕ್ಕೆ, 2011ರಲ್ಲಿ 2ಕ್ಕೆ ಬಂತು. ಜೇಕಬ್ ಒಂದೇ ಅದಕ್ಕಿಂತ ಮೇಲಿದ್ದಿದ್ದು. ಆದರೆ ಗಮನಿಸಿ, ಹಬ್ಬಿದ್ದು ತಾರೆಯ ಹೆಸರಲ್ಲ, ತಾರೆಯ ಮಗುವಿನ ಹೆಸರು. ಹಾರ್ಪರ್ ಕೂಡ ಹಾಗೆ. ಫುಟ್‌ಬಾಲ್ ಆಟಗಾರ ಡೇವಿಡ್ ಬೆಕ್ಹ್ಯಾಮ್ ದಂಪತಿಯ ಮಗಳು ಹಾರ್ಪರ್ 2011ರಲ್ಲಿ ಹುಟ್ಟಿದಳು, 2015ರಲ್ಲಿ ಅದು ಅಮೆರಿಕದ ಹೆಣ್ಣುಮಕ್ಕಳ ಪಟ್ಟಿಯಲ್ಲಿ ಹತ್ತನೆಯದು. ಎರಡೂ ಆಗಲೇ ಏರುತ್ತಿದ್ದ ಹೆಸರುಗಳು. ಮೇಸನ್ ಏರಿದ ಕಾಲದಲ್ಲಿ ಜಾಕ್ಸನ್, ಏಡನ್, ಜೇಡನ್ ಅಂತ 'ನ್' ಸದ್ದಿನ ಹೆಸರುಗಳದ್ದೇ ಕಾರುಬಾರು.

ಇನ್ನೊಂದು ವಿಷಯ ನಿಮ್ಮ ಬರಹದಲ್ಲಿ ಬಂದಿದ್ದರೆ ಚೆನ್ನಾಗಿತ್ತು. ಹೊಲಿಗೆಯವನ ಟೇಲರ್, ಹಾರ್ಪ್ ವಾದ್ಯ ನುಡಿಸುವವನ ಹಾರ್ಪರ್ ಹುಡುಗಿಯರ ಪಾಲಾದವು. ಬ್ಯಾಕ್ಸ್‌ಟರ್‌ಗೆ ಉಲ್ಟಾ ಆಯಿತು, ಅದು ಮೂಲದಲ್ಲಿ ರೊಟ್ಟಿ ಸುಡುವ ಹೆಂಗಸಿನ ಹೆಸರು, ಈಗ ಹುಡುಗರಿಗೆ ಇಡುತ್ತಾರೆ. ಅರ್ಥ ನೋಡಿ ಹೆಸರಿಡುವವರು ಯಾರಾದರೂ ಹೀಗೆ ಮಾಡುತ್ತಿದ್ದರಾ?

ಮುಂದೆ ಇಂಥ ಬರಹ ಹಾಕುವಾಗ ಒಂದು ಚಿಕ್ಕ ಕೋಷ್ಟಕ ಕೊಡಿ. ಹೆಸರು ಏರಿದ ವರ್ಷ, ತಾರೆ ಹುಟ್ಟಿದ ವರ್ಷ, ತಾರೆ ಹೆಸರು ಮಾಡಿದ ವರ್ಷ, ಇಷ್ಟು ಸಾಕು. ಸೋಷಿಯಲ್ ಸೆಕ್ಯುರಿಟಿ ಇಲಾಖೆಯ ಪಟ್ಟಿ 1880ರಿಂದ ಇದೆ, ಯಾರು ಬೇಕಾದರೂ ನೋಡಬಹುದು. ಒಂದು ಎಚ್ಚರ ಮಾತ್ರ ಬೇಕು, ಕಾಗುಣಿತ ಸ್ವಲ್ಪ ಬೇರೆಯಾದರೂ ಅವರು ಬೇರೆ ಹೆಸರು ಅಂತಲೇ ಎಣಿಸುತ್ತಾರೆ.

ನಿಮ್ಮ ಖಾಯಂ ಓದುಗ